ಥೀಸಿಯಸ್, ಕುಮಾರರಾಮ ಮತ್ತು ಒಂದು ಪ್ರಶ್ನೆ

ಕಳೆದ ಮಳೆಗಾಲದಲ್ಲಿ ನಗರದ ಸಮೀಪದ ನಮ್ಮ ಹಳ್ಳಿಯ ಮನೆಯಲ್ಲಿ ಒಂದು ವಾರ ಕಳೆಯುವ ಪ್ರಸಂಗ ಒದಗಿತು. ನಗರವೆಂದರೆ ಇಲ್ಲಿ ಪಟ್ಟಣವೆಂದರ್ಥವಲ್ಲ. ಹೊಸನಗರ ತಾಲ್ಲೂಕಿನಲ್ಲಿರುವ ಹಳೆಯ ಬಿದನೂರು ಅದು. ಕೆಳದಿಯ ಅರಸರ ಕಡೆಯ ರಾಜಧಾನಿ. 1763ರಲ್ಲಿ ಅದನ್ನು ಗೆದ್ದ ಹೈದರಾಲಿ ತನ್ನ ಹೆಸರನ್ನಿಟ್ಟು ಹೈದರನಗರವೆಂದು ಕರೆದ. ಹೈದರನೂ ಹೋದ, ಹೆಸರಿನ ಮುಂಭಾಗವೂ ಹೋಯಿತು. ಬರಿಯ 'ನಗರ' ಉಳಿಯಿತು. ಅಲ್ಲಿಯ ಮಳೆಯನ್ನು ಬಲ್ಲವರಿಗೆ ಬಣ್ಣಿಸಬೇಕಾಗಿಲ್ಲ, ಅರಿಯದವರಿಗೆ ಬಣ್ಣಿಸಿ ಪ್ರಯೋಜನವಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ದೀಪ ಹಚ್ಚಿಕೊಂಡು ಕುಳಿತಿದ್ದೆವು. ನನ್ನ ತಮ್ಮನ ಮೊಮ್ಮಗ ತನ್ನ ಲ್ಯಾಪ್‌ಟಾಪನ್ನು ಜಗಲಿಯ ಮಣೆಯ ಮೇಲೆ ಇಟ್ಟು, "ಅಜ್ಜ, ನಿಮಗೆ ಗ್ರೀಕ್ ಕಥೆ ಇಷ್ಟ ಅಲ್ದಾ, ಇದನ್ನು ನೋಡಿ" ಎಂದು ಒಂದು ಚಲನಚಿತ್ರವನ್ನು ಹಾಕಿದ.

ಚಿತ್ರದ ಹೆಸರು 'ಇಮ್ಮಾರ್ಟಲ್ಸ್', ಅಮರರು ಎಂದು ಅರ್ಥ. 2011ರಲ್ಲಿ ಬಂದುದು. ಗ್ರೀಕರ ಪುರಾಣಪುರುಷ ಥೀಸಿಯಸನನ್ನು ನಾಯಕನನ್ನಾಗಿ ಮಾಡಿಕೊಂಡ ಹೊಡೆದಾಟದ ಚಿತ್ರ. ನಿರ್ದೇಶಕರು ತರ್ಸೇಮ್ ಸಿಂಗ್. ಪಂಜಾಬಿನ ಜಲಂಧರದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಹೆಸರು ಮಾಡಿದವರು. ಜಗತ್ತಿನ ಚಿತ್ರಮಂದಿರಗಳಲ್ಲಿ ಇಪ್ಪತ್ತೆರಡು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತಂತೆ. ಅದರಲ್ಲಿ ಹರಿಯುವ ರಕ್ತದ ಪ್ರಮಾಣವನ್ನು ನೋಡಿದರೆ ಹನಿಗೊಂದು ಡಾಲರು ಬಿದ್ದಿರಬಹುದು. ಆದರೂ ಚಿತ್ರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದೊಂದು ದೃಶ್ಯವೂ ತೈಲಚಿತ್ರದಂತೆ ಕಣ್ಣಿನಲ್ಲಿ ನಿಲ್ಲುತ್ತದೆ. ಜಪಾನಿನ ಏಕೋ ಇಷಿಯೋಕಾ ಎಂಬಾಕೆ ರೂಪಿಸಿದ ಉಡುಗೆ ಮುಖವಾಡಗಳನ್ನು ನೋಡುವಾಗ ನನಗೆ ಗ್ರೀಸಿಗಿಂತ ನಮ್ಮ ಬಯಲಾಟದ ಚೌಕಿಯೇ ಹೆಚ್ಚು ನೆನಪಾಯಿತು.

ಪುರಾಣದ ಥೀಸಿಯಸನ ಕಥೆ ಏನು? ಪ್ಲುಟಾರ್ಕ್ ಅವನ ಚರಿತ್ರೆಯನ್ನು ವಿಸ್ತಾರವಾಗಿ ಬರೆದಿದ್ದಾನೆ. ಅಥೆನ್ಸಿನ ಅರಸ ಈಜಿಯಸ್ ಟ್ರೋಯೆಜೆನ್ ಎಂಬ ಊರಿನ ರಾಜಕುಮಾರಿ ಈಥ್ರಾಳನ್ನು ಕೂಡಿ, ಹೆಬ್ಬಂಡೆಯೊಂದರ ಅಡಿಯಲ್ಲಿ ತನ್ನ ಕತ್ತಿಯನ್ನೂ ಪಾದರಕ್ಷೆಯನ್ನೂ ಇಟ್ಟು, ಹುಟ್ಟುವ ಮಗ ಬಂಡೆಯನ್ನು ಎತ್ತಬಲ್ಲವನಾದ ದಿನ ತನ್ನಲ್ಲಿಗೆ ಕಳುಹಿಸೆಂದು ಹೇಳಿ ಹೋದ. ಹುಡುಗ ಬೆಳೆದು, ಬಂಡೆಯನ್ನೆತ್ತಿ, ದಾರಿಯ ಕಳ್ಳಕಾಕರನ್ನು ಸದೆಬಡಿದು ಅಥೆನ್ಸಿಗೆ ಬಂದ. ಕ್ರೀಟಿನ ಜಟಿಲಮಂದಿರದಲ್ಲಿದ್ದ ಗೂಳಿತಲೆಯ ಮಿನೋಟಾರನನ್ನು, ಅಲ್ಲಿಯ ರಾಜಪುತ್ರಿ ಅರಿಯಾಡ್ನೆ ಕೊಟ್ಟ ನೂಲಿನುಂಡೆಯ ಸಹಾಯದಿಂದ ಕೊಂದ. ನೂಲು ಕೊಟ್ಟವಳನ್ನು ನ್ಯಾಕ್ಸೋಸ್ ದ್ವೀಪದಲ್ಲಿ ಬಿಟ್ಟು ಬಂದ. ಮುಂದೆ ಆಕೆಯ ತಂಗಿ ಫೇಡ್ರಾಳನ್ನೇ ಮದುವೆಯಾದ. ಅಥೆನ್ಸಿನವರಿಗೆ ಅವನಲ್ಲಿ ಎಷ್ಟು ಭಕ್ತಿಯೆಂದರೆ, ಕ್ರಿಸ್ತಪೂರ್ವ 490ರ ಮ್ಯಾರಥಾನ್ ಯುದ್ಧದಲ್ಲಿ ಅವನು ಮುಂದೆ ನಿಂತು ಕಾದಿದ್ದನ್ನು ಕಂಡೆವೆಂದು ಸೈನಿಕರು ಹೇಳಿಕೊಂಡರು. ಅದಾದ ಹದಿನೈದು ವರ್ಷಗಳಲ್ಲಿ ಕಿಮೋನ್ ಎಂಬ ಸೇನಾನಿ ಸ್ಕೈರೋಸ್ ದ್ವೀಪದಲ್ಲಿ ದೊಡ್ಡ ಅಸ್ಥಿಪಂಜರವೊಂದನ್ನು ಅಗೆಸಿ, ಇದೇ ಥೀಸಿಯಸನ ಎಲುಬೆಂದು ಮೆರವಣಿಗೆಯಲ್ಲಿ ಊರಿಗೆ ತಂದ. ವೀರನೊಬ್ಬನ ದೇಹದ ತುಣುಕು ಊರಿನಲ್ಲಿದ್ದರೆ ಊರಿಗೆ ರಕ್ಷೆ ಎಂಬ ನಂಬಿಕೆ ನಮ್ಮವರಿಗೆ ಹೊಸದಲ್ಲ. ಮುಂದೆ ಅದು ಬರುತ್ತದೆ.

ಚಿತ್ರದವರು ಇವುಗಳಲ್ಲಿ ಬೇಕಾದುದನ್ನು ಹೆಕ್ಕಿಕೊಂಡು ಬೇಡವಾದುದನ್ನು ಬಿಟ್ಟಿದ್ದಾರೆ. ಅವರ ಥೀಸಿಯಸ್ ರಾಜಪುತ್ರನಲ್ಲ, ಹಳ್ಳಿಯವರು ಹೊರಗಿಟ್ಟ ಒಬ್ಬ ತಾಯಿಯ ಬಡಮಗ. ಹೈಪೀರಿಯನ್ ಎಂಬ ಕ್ರೂರ ಅರಸ ದೇವತೆಗಳ ಬಿಲ್ಲೊಂದನ್ನು ಹುಡುಕುತ್ತ ಬಂದು ಆ ತಾಯಿಯನ್ನು ಮಗನ ಕಣ್ಣೆದುರೇ ಕೊಲ್ಲುತ್ತಾನೆ. ಮಿನೋಟಾರ ಇಲ್ಲಿ ಮೃಗವಲ್ಲ. ತಂತಿಯಿಂದ ಹೆಣೆದ ಗೂಳಿಯ ಮುಖವಾಡ ತೊಟ್ಟ ದೈತ್ಯ ಮನುಷ್ಯ. ಅರಿಯಾಡ್ನೆಯೂ ಇಲ್ಲ, ನೂಲಿನುಂಡೆಯೂ ಇಲ್ಲ. ಆದರೆ ಫೇಡ್ರಾ ಇದ್ದಾಳೆ! ಭವಿಷ್ಯವನ್ನು ಕಾಣಬಲ್ಲ ಕನ್ಯೆಯಾಗಿ, ನಾಯಕನನ್ನು ಸೆರೆಯಿಂದ ಬಿಡಿಸುವ ಬಗೆ ಹೇಳುವವಳಾಗಿ, ಅವನಿಗೊಲಿದವಳಾಗಿ, ಅವನ ಮಗ ಅಕಾಮಸನ ತಾಯಿಯಾಗಿ ಇದ್ದಾಳೆ. ಆ ಪಾತ್ರದಲ್ಲಿರುವ ನಟಿ ಫ್ರೀಡಾ ಪಿಂಟೋ. ಮುಂಬಯಿಯಲ್ಲಿ ಹುಟ್ಟಿದವರು, ಮಂಗಳೂರು ಮೂಲದ ಕ್ರೈಸ್ತ ಮನೆತನದವರು.

ಬಾಗಿಲ ಸಂದಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ನನ್ನ ಚಿಕ್ಕಮ್ಮ ಅಲ್ಲಿಯವರೆಗೆ ಚಿತ್ರದ ಕಡೆ ತಲೆಯೆತ್ತಿರಲಿಲ್ಲ. ಆ ಹುಡುಗಿ ಬಂದಾಗ ನೋಡಿದರು. "ಇದು ನಮ್ಮ ಕಡೆ ಕೂಸಿನ ಹಾಂಗೆ ಇದ್ದು" ಎಂದರು. ಮಂಗಳೂರಿನ ಕಡೆಯವರೆಂದು ನಾನು ಹೇಳಿದೆ. ಅವಳು ಯಾವ ಪಾತ್ರವೆಂದು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದವನ ಚಾಳಿ. ಚಿತ್ರದಲ್ಲಿ ಇಲ್ಲದ ಕಥೆಯನ್ನೂ ಹೇಳತೊಡಗಿದೆ.

ಫೇಡ್ರಾಳ ಹೆಸರು ಸಾಹಿತ್ಯಲೋಕದಲ್ಲಿ ಉಳಿದದ್ದು ಥೀಸಿಯಸನ ಹೆಂಡತಿಯಾದುದಕ್ಕಲ್ಲ. ಥೀಸಿಯಸನಿಗೆ ಅಮೆಜಾನ್ ಸ್ತ್ರೀಯಲ್ಲಿ ಹುಟ್ಟಿದ ಹಿಪಾಲಿಟಸ್ ಎಂಬ ಮಗನಿದ್ದ. ಬೇಟೆಯಲ್ಲಿ ಆಸಕ್ತ, ಬ್ರಹ್ಮಚರ್ಯವನ್ನು ವ್ರತವಾಗಿ ಹಿಡಿದವನು. ಮಲತಾಯಿಯಾದ ಫೇಡ್ರಾಳಿಗೆ ಅವನಲ್ಲಿ ಮೋಹ ಹುಟ್ಟಿತು. ಅವನು ತಿರಸ್ಕರಿಸಿದ. ಅವಳು ನೇಣು ಹಾಕಿಕೊಂಡಳು. ಹಿಪಾಲಿಟಸ್ ತನ್ನನ್ನು ಕೆಡಿಸಿದನೆಂದು ಬರೆದಿಟ್ಟು ಸತ್ತಳು. ತಂದೆ ವಿಚಾರಿಸದೆ ಮಗನನ್ನು ಶಪಿಸಿದ. ಕಡಲಿನಿಂದ ಗೂಳಿಯೊಂದು ಎದ್ದುಬರಲು ರಥದ ಕುದುರೆಗಳು ಬೆದರಿ, ಮಗ ತನ್ನದೇ ಕಡಿವಾಣದಲ್ಲಿ ಸಿಕ್ಕಿ ಎಳೆದಾಡಿ ಸತ್ತ. ಯೂರಿಪಿಡೀಸ್ ಈ ವಸ್ತುವನ್ನು ಎರಡು ಬಾರಿ ನಾಟಕವಾಗಿಸಿದ. ಮೊದಲನೆಯದರಲ್ಲಿ ಫೇಡ್ರಾ ತಾನೇ ಬಾಯಿಬಿಟ್ಟು ಕೇಳಿದ್ದನ್ನು ಅಥೆನ್ಸಿನ ಪ್ರೇಕ್ಷಕರು ಸಹಿಸಲಿಲ್ಲವೆಂದು ಪ್ರತೀತಿ; ಅದು ಇಂದು ತುಣುಕುಗಳಲ್ಲಿ ಮಾತ್ರ ಉಳಿದಿದೆ. ಕ್ರಿಸ್ತಪೂರ್ವ 428ರಲ್ಲಿ ಆಡಿದ ಎರಡನೆಯದರಲ್ಲಿ ಫೇಡ್ರಾ ಮೌನವಾಗಿ ಬೇಯುವ ಮಾನವತಿ. ಗುಟ್ಟನ್ನು ಹೊರಗೆಡಹುವವಳು ದಾದಿ. ಅದಕ್ಕೆ ಮೊದಲ ಬಹುಮಾನ ಬಂತು. ಟ್ರೋಯೆಜೆನ್ನಿನಲ್ಲಿ ಹಿಪಾಲಿಟಸನಿಗೆ ಗುಡಿಯಿತ್ತು; ಮದುವೆಗೆ ಮುನ್ನ ಕನ್ಯೆಯರು ತಮ್ಮ ಕೂದಲನ್ನು ಕತ್ತರಿಸಿ ಅವನಿಗೆ ಒಪ್ಪಿಸುತ್ತಿದ್ದರು.

'ಇಮ್ಮಾರ್ಟಲ್ಸ್' ಚಿತ್ರದಲ್ಲಿ ಹಿಪಾಲಿಟಸನ ಸುಳಿವೇ ಇಲ್ಲ. ನಾಯಕ ಹೈಪೀರಿಯನ್ನನನ್ನು ಕೊಂದು ತಾನೂ ಸತ್ತು ದೇವತೆಗಳ ಸಾಲಿಗೆ ಸೇರುತ್ತಾನೆ; ಫೇಡ್ರಾ ಮಗನನ್ನು ಸಾಕಿಕೊಂಡು ಹಳ್ಳಿಯಲ್ಲಿ ಮರ್ಯಾದೆಯಿಂದ ಬಾಳುತ್ತಾಳೆ. ಎರಡೂವರೆ ಸಾವಿರ ವರ್ಷಗಳ ಅಪಕೀರ್ತಿಯಿಂದ ಅವಳಿಗೆ ಒಂದು ಗಂಟೆ ಐವತ್ತು ನಿಮಿಷಗಳ ಬಿಡುಗಡೆ. ಇದು ಬುದ್ಧಿಪೂರ್ವಕವಾದ ನ್ಯಾಯವೋ, ಹೊಡೆದಾಟಕ್ಕೆ ಎಡೆ ಮಾಡಿಕೊಡಲು ಆದ ಕತ್ತರಿಪ್ರಯೋಗವೋ? ನನ್ನ ಅನುಮಾನ ಎರಡನೆಯದರ ಕಡೆಗೇ.

ನಾನು ಕಥೆ ಮುಗಿಸುವ ಮೊದಲೇ ಚಿಕ್ಕಮ್ಮ, "ಇದು ಕುಮಾರರಾಮನ ಕಥೆಯಲ್ದಾ" ಎಂದರು.

ಅಹುದು, ಅದೇ ಕಥೆ. ಕನ್ನಡ ಎಂ.ಎ. ತರಗತಿಗಳಲ್ಲಿ ನಾನೇ ಎಷ್ಟೋ ಬಾರಿ ಈ ಹೋಲಿಕೆಯನ್ನು ಎತ್ತಿ ಆಡಿದ್ದೇನೆ. ಕಂಪಿಲರಾಯನ ಮಗ ಕುಮಾರರಾಮ. ಜಟಿಂಗರಾಮೇಶ್ವರನ ವರದಿಂದ ಹುಟ್ಟಿದುದರಿಂದ ರಾಮನಾಥ. ಓರುಗಲ್ಲಿನಿಂದ ಬೊಲ್ಲನೆಂಬ ಕುದುರೆಯನ್ನು ತಂದ ಗಂಡುಗಲಿ. ಒಂದು ದಿನ ಚೆಂಡಾಟದಲ್ಲಿ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಹಾರಿತು. ತರಲು ಹೋದ ರಾಮನನ್ನು ಕಂಡು ಅವಳು ಮೋಹಗೊಂಡಳು. ಪರನಾರಿಯರಿಗೆ ಸಹೋದರನೆಂದು ಬಿರುದು ಹೊತ್ತವನು ತಾಯಿಯೆಂದು ಕೈಮುಗಿದು ಬಿಡಿಸಿಕೊಂಡು ಬಂದ. ಅವಳು ದೂರಿದಳು, ರಾಯ ಮಗನ ತಲೆ ಹೊಡೆಯಲು ಆಜ್ಞಾಪಿಸಿದ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು, ಅವನನ್ನು ಹೋಲುವ ಬೇರೊಬ್ಬನ ತಲೆಯನ್ನು ತಂದು ತೋರಿಸಿದ. ರಾಮ ಸತ್ತನೆಂದು ಕೇಳಿ ದಿಲ್ಲಿಯ ಸೈನ್ಯ ಮೇಲೆ ಬಂದಾಗ ಅವನು ನೆಲಮನೆಯಿಂದೆದ್ದು ಬಂದು ಕಾದಿದ. ಕೊನೆಗೆ ಮಾತಂಗಿ ಎಂಬ ದಂಡನಾಯಕಿ ನಡೆಸಿದ ಯುದ್ಧದಲ್ಲಿ ಮಡಿದ. ಅವನ ತಲೆಯನ್ನು ದಿಲ್ಲಿಗೆ ಒಯ್ದರು. 16ನೆಯ ಶತಮಾನದಲ್ಲಿ ನಂಜುಂಡ ಕವಿ 'ರಾಮನಾಥಚರಿತೆ'ಯಲ್ಲಿ ಇದನ್ನು ಸಾಂಗತ್ಯಕ್ಕಿಳಿಸಿದ. ಪಾಂಚಾಳ ಗಂಗನೂ ಹಾಡಿದ. 2006ರಲ್ಲಿ ಎಚ್. ಆರ್. ಭಾರ್ಗವ ಅವರ ನಿರ್ದೇಶನದಲ್ಲಿ, ಶಿವರಾಜಕುಮಾರ್ ನಾಯಕರಾಗಿ, 'ಗಂಡುಗಲಿ ಕುಮಾರರಾಮ' ಎಂದು ತೆರೆಗೂ ಬಂತು.

ಬಳ್ಳಾರಿ, ಕೊಪ್ಪಳದ ಬಯಲುಸೀಮೆಯ ಈ ವೀರನಿಗೂ ನಮ್ಮ ಮಲೆನಾಡಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಗಾಢವಾದುದು. ಸೊರಬ, ಸಾಗರದ ಕಡೆಯ ಕೆಲವು ಊರುಗಳಲ್ಲಿ ಕುಮಾರರಾಮನ ಮರದ ತಲೆಯನ್ನು ಇಟ್ಟು ಪೂಜಿಸುತ್ತಾರೆ. ಚಿಕ್ಕಂದಿನಲ್ಲಿ ಅಂಥದೊಂದನ್ನು ನಾನು ನೋಡಿದ್ದೇನೆ: ದುಂಡುಗಣ್ಣು, ಹುರಿಮೀಸೆ, ಕೆಂಪು ಬಳಿದ ಕೆನ್ನೆ. ಹೆದರಿ ಅಜ್ಜಿಯ ಸೆರಗು ಹಿಡಿದಿದ್ದೆ. ದಿಲ್ಲಿಗೆ ಹೋದ ತಲೆ ಹೀಗೆ ಮರದಲ್ಲಿ ಮರಳಿ ಬಂತು ನೋಡಿ! ಅಥೆನ್ಸಿನವರು ಎಲುಬು ತಂದರು; ನಮ್ಮವರು ಮರ ಕಡೆದರು.

ಈ ಕಥೆ ಇಲ್ಲಿ ಬೇರೂರಲು ಇನ್ನೊಂದು ಕಾರಣವೂ ಇರಬೇಕೆಂದು ನನಗೆ ತೋರುತ್ತದೆ. ಇತಿಹಾಸದ ಕಂಪಿಲರಾಯ ಅಳಿದದ್ದು ರತ್ನಾಜಿಯಿಂದಲ್ಲ, ಒಬ್ಬ ಶರಣಾಗತನಿಂದ. ಮಹಮದ್ ಬಿನ್ ತುಘಲಕನ ಹತ್ತಿರದ ಬಂಧು ಬಹಾಉದ್ದೀನ್ ಗುರ್ಷಾಸ್ಪ್ ಎಂಬವನು ಸಗರದ ಅಧಿಪತಿಯಾಗಿದ್ದ. ಇದು ನಮ್ಮ ಸಾಗರವಲ್ಲ, ಇಂದಿನ ಯಾದಗಿರಿ ಜಿಲ್ಲೆಯ ಸಗರ. ಅವನು ದಂಗೆಯೆದ್ದು ಸೋತು ಕಂಪಿಲನ ಮರೆಹೊಕ್ಕ. ಸುಲ್ತಾನನ ಸೈನ್ಯ ಬೆನ್ನಟ್ಟಿ ಬಂತು. 1327ರ ಸುಮಾರಿನಲ್ಲಿ ಕುಮ್ಮಟವೂ ಹೊಸಮಲೆದುರ್ಗವೂ ಬಿದ್ದವು. ಕೋಟೆ ಬೀಳುವ ಮುನ್ನ ಕಂಪಿಲ ತನ್ನ ಅತಿಥಿಯನ್ನು ಸುರಕ್ಷಿತವಾಗಿ ಹೊಯ್ಸಳ ಬಲ್ಲಾಳನಲ್ಲಿಗೆ ಕಳುಹಿಸಿ, ಅಂತಃಪುರದ ಸ್ತ್ರೀಯರು ಬೆಂಕಿಗೆ ಬಿದ್ದ ಮೇಲೆ ತಾನು ಹೊರಬಂದು ಕಾದಿ ಸತ್ತ. ಬಲ್ಲಾಳನೋ ಅತಿಥಿಯನ್ನು ಕಟ್ಟಿ ಒಪ್ಪಿಸಿಬಿಟ್ಟ. ಇದನ್ನೆಲ್ಲ ಬರೆದವನು ಇಬ್ನ್ ಬತೂತ. ದಿಲ್ಲಿಯಲ್ಲಿ ವರ್ಷಗಟ್ಟಲೆ ಇದ್ದ ಪ್ರವಾಸಿ. ಮರೆಹೊಕ್ಕವನನ್ನು ಕಾಯುವುದು ನಮ್ಮ ನಗರ ಸೀಮೆಯ ಹೆಮ್ಮೆಯ ವಿಷಯವೂ ಹೌದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಕೆಳದಿಯ ಚೆನ್ನಮ್ಮ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಚೆನ್ನಮ್ಮ ಉಳಿದಳು, ಕಂಪಿಲ ಅಳಿದ, ಧರ್ಮ ಒಂದೇ.

ಇಬ್ನ್ ಬತೂತ ಇನ್ನೊಂದು ಮಾತು ಹೇಳುತ್ತಾನೆ. ಕಂಪಿಲನ ಹನ್ನೊಂದು ಮಂದಿ ಮಕ್ಕಳನ್ನು ಸೆರೆಹಿಡಿದು ದಿಲ್ಲಿಗೆ ಒಯ್ದು ಮತಾಂತರಿಸಿದರಂತೆ; ಅವರಲ್ಲಿ ಮೂವರನ್ನು ಅವನು ಕಣ್ಣಾರೆ ಕಂಡಿದ್ದ. ಒಬ್ಬನು ಸುಲ್ತಾನನ ಮುದ್ರಾಧಿಕಾರಿಯಾಗಿದ್ದು ಅವನ ಗೆಳೆಯನೇ ಆಗಿದ್ದ. ಕುಮಾರರಾಮನೆಂಬ ವ್ಯಕ್ತಿ ಇದ್ದನೆಂಬುದರಲ್ಲಿ ಸಂದೇಹವಿಲ್ಲ. ಹಾವೇರಿ ತಾಲ್ಲೂಕಿನ ಸಂಗೂರಿನ ಶಾಸನದಲ್ಲಿ ಮುಮ್ಮಡಿ ಸಿಂಗನ ಮೊಮ್ಮಗ, ಕಂಪಿಲನ ಮಗ ರಾಮನಾಥನ ಹೆಸರಿದೆ. ಆದರೆ ಪ್ರವಾಸಿಯ ಬರಹದಲ್ಲಿ ರತ್ನಾಜಿಯಿಲ್ಲ. ಚೆಂಡಿಲ್ಲ. ನೆಲಮನೆಯಿಲ್ಲ.

ಹಾಗಾದರೆ ರತ್ನಾಜಿ ಎಲ್ಲಿಂದ ಬಂದಳು? ತರಗತಿಯಲ್ಲಿ ನಾನು ಕೊಡುತ್ತಿದ್ದ ಉತ್ತರ ಸಿದ್ಧವಾಗಿತ್ತು. ಇದು ಜಗತ್ತಿನಲ್ಲೆಲ್ಲ ಸಂಚರಿಸುವ ಕಥಾಬೀಜ: ಬೈಬಲ್ಲಿನ ಜೋಸೆಫ್ ಮತ್ತು ಪೋತಿಫರನ ಹೆಂಡತಿ, ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆ, ತೆಲುಗರ ಸಾರಂಗಧರ ಮತ್ತು ಚಿತ್ರಾಂಗಿ, ಪಂಜಾಬಿನ ಪೂರಣ ಭಗತ ಮತ್ತು ಲೂಣಾ. ಪಟ್ಟಿ ಹೇಳಿ, ಬರೆಸಿ, ಗಂಟೆ ಹೊಡೆದೊಡನೆ ಹೊರಬರುತ್ತಿದ್ದೆ. ಇಂದು ಅನಿಸುವುದು ಬೇರೆ. ಬೀಜ ಎಲ್ಲಿಂದಲೋ ಹಾರಿಬಂದಿರಬಹುದು. ಅದಕ್ಕೆ ಇಲ್ಲಿ ನೆಲ ಹದವಾಗಿತ್ತು. ಒಂದು ರಾಜ್ಯ ಒಂದೇ ಏಟಿಗೆ ನೆಲಸಮವಾಯಿತು. ಅಂಥ ವೀರನಿದ್ದೂ ಹೇಗೆ ಸೋತೆವು ಎಂಬ ಪ್ರಶ್ನೆ ಎರಡು ಶತಮಾನ ಜನರನ್ನು ಕಾಡಿರಬೇಕು. ತುಘಲಕನ ಸೈನ್ಯ ದೊಡ್ಡದಿತ್ತು, ನೆರೆಯ ಬಲ್ಲಾಳ ಕೈಬಿಟ್ಟ ಎಂದರೆ ಕಥೆಯಾಗುವುದಿಲ್ಲ. ಮನೆಯೊಳಗೊಬ್ಬಳು ದ್ರೋಹಿಯನ್ನು ಹುಡುಕಬೇಕು. ಹುಡುಕಲು ಬಹಳ ದೂರ ಹೋಗಬೇಕಾಗಿಯೂ ಇರಲಿಲ್ಲ. ಮುದಿರಾಜನ ಕಿರಿಯ ಹೆಂಡತಿ ಕೈಗೆ ಸಿಕ್ಕುವಂತೆಯೇ ಇದ್ದಳು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ಚಿಕ್ಕಮ್ಮನ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ.

ನನ್ನ ತಾಯಿ ತೀರಿಕೊಂಡ ಎರಡು ವರ್ಷಕ್ಕೆ, 1972ರಲ್ಲಿ, ಅಪ್ಪಯ್ಯ ಎರಡನೆಯ ಮದುವೆಯಾದರು. ಅವರಿಗೆ ಆಗ ನಲವತ್ತೈದು, ಚಿಕ್ಕಮ್ಮನಿಗೆ ಇಪ್ಪತ್ತು, ನನಗೆ ಹದಿನಾಲ್ಕು. ಬಡವರ ಮನೆಯ ಐದು ಹೆಣ್ಣುಮಕ್ಕಳಲ್ಲಿ ಮೂರನೆಯವರು. ಬಂದ ಹೊಸತರಲ್ಲಿ ಶಾಲೆಯಿಂದ ನೆನೆದುಕೊಂಡು ಬಂದವನಿಗೆ ಒಲೆಯ ಬಾಯಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು, ನನ್ನ ಪಠ್ಯಪುಸ್ತಕವನ್ನು ಇಸಿದುಕೊಂಡು ಓದುತ್ತಿದ್ದರು. ಅದೇ ಮಳೆಗಾಲದಲ್ಲಿ ದೊಡ್ಡಪ್ಪ ಬಂದು ತಿಂಗಳು ನಿಂತರು. ಕಥೆ ಹೇಳುವುದರಲ್ಲಿ ಅವರಿಗೆ ಸಮಾನರಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕಂಬಳಿ ಹೊದೆದು ಕುಳಿತು ಮೂರು ದಿನ ಕುಮಾರರಾಮನ ಕಥೆ ಹೇಳಿದರು. ಚೆಂಡು ಹಾರಿದ ರಾತ್ರಿ ಅವರ ದನಿ ಸ್ವಲ್ಪ ಏರಿತು. ಕಣ್ಣು ಒಂದೆರಡು ಬಾರಿ ಅಡಿಗೆಮನೆಯ ಬಾಗಿಲ ಕಡೆಗೆ ಹೋಯಿತು. ಕುಳಿತವರಲ್ಲಿ ಯಾರೋ ನಕ್ಕರು. ನನಗೆ ಕಥೆಯೇ ಮುಖ್ಯವಾಗಿತ್ತು. ಬೊಲ್ಲ ಕುದುರೆ ಯಾವಾಗ ಬರುತ್ತದೆಂದು ಕಾಯುತ್ತಿದ್ದೆ.

ಆ ವರ್ಷದ ದೀಪಾವಳಿಯ ಬೆಳಗ್ಗೆ, ಮನೆಯ ಹೆಂಗಸು ಎಲ್ಲರ ನೆತ್ತಿಗೆ ಎಣ್ಣೆಯಿಡುವ ಶಾಸ್ತ್ರದಲ್ಲಿ, ಚಿಕ್ಕಮ್ಮ ಅಪ್ಪಯ್ಯನಿಗೆ ಇಟ್ಟರು, ದೊಡ್ಡಪ್ಪನ ಮಕ್ಕಳಿಗೆ ಇಟ್ಟರು. ನನ್ನ ಸರದಿ ಬಂದಾಗ ಎಣ್ಣೆಯ ಬಟ್ಟಲನ್ನು ಅಜ್ಜಿಯ ಕೈಗೆ ಕೊಟ್ಟು ಒಳಗೆ ಹೋದರು. ಮುಂದಿನ ವರ್ಷವೂ ಹಾಗೆಯೇ. ಕಾಫಿಯನ್ನೂ ಜಗಲಿಗೆ ಕಳುಹಿಸತೊಡಗಿದ್ದರು. ನಾನೇನೋ ತಪ್ಪು ಮಾಡಿದ್ದೇನೆಂದುಕೊಂಡೆ. ಆಮೇಲೆ ಕಾಲೇಜಿಗೆಂದು ಶಿವಮೊಗ್ಗಕ್ಕೆ ಹೋದವನು ಅದನ್ನು ಮರೆತೆ, ಮರೆತೆನೆಂದು ತಿಳಿದಿದ್ದೆ. ವಿಚಿತ್ರವೆಂದರೆ, ಇಷ್ಟಾದರೂ ಮುಂದೆ ನಾನು 'ರಾಮನಾಥಚರಿತೆ'ಯನ್ನು ಪಾಠ ಹೇಳುವಾಗ ರತ್ನಾಜಿಯ ಪ್ರಸಂಗಕ್ಕೆ ಬಂದೊಡನೆ ನನ್ನ ದನಿಯೂ ಏರುತ್ತಿತ್ತು. ಹಿಂದಿನ ಬೆಂಚುಗಳಲ್ಲಿ ನಗು ಏಳುತ್ತಿತ್ತು. ಅದನ್ನು ಅಧ್ಯಾಪನದ ಯಶಸ್ಸೆಂದು ಬಗೆದಿದ್ದೆ.

ಈ ಮಳೆಗಾಲದ ಆ ಮಧ್ಯಾಹ್ನ ಚಿಕ್ಕಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಕೇಳಿದರು: "ಆ ರತ್ನಾಜಿಗೆ ಆಗ ಎಷ್ಟು ವರ್ಷ ಆಗಿತ್ತಡ ಮಾಣಿ?"

ಅರುವತ್ತು ದಾಟಿದ ನನ್ನನ್ನು ಇನ್ನೂ ಮಾಣಿಯೆಂದೇ ಕರೆಯುತ್ತಾರೆ. ನನ್ನಲ್ಲಿ ಉತ್ತರವಿರಲಿಲ್ಲ. ಕಂಪಿಲನ ವಂಶಾವಳಿಯನ್ನು, ಕುಮ್ಮಟದ ಮುತ್ತಿಗೆಗಳನ್ನು, ಹಸ್ತಪ್ರತಿಗಳ ಪಾಠಾಂತರಗಳನ್ನು ಕೇಳಿದ್ದರೆ ಹೇಳುತ್ತಿದ್ದೆ. ಹೆಣ್ಣಿನ ವಯಸ್ಸನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕೇಳಿಕೊಂಡವರು ಇಲ್ಲದಿಲ್ಲ. ಸಾರಂಗಧರನ ಕಥೆಯಲ್ಲೇ ಎಳೆಯೊಂದಿದೆ: ಚಿತ್ರಾಂಗಿಯನ್ನು ನೋಡಿದ್ದು ಮಗನಿಗಾಗಿ, ಅವಳ ಚೆಲುವಿಗೆ ಸೋತು ತಾಳಿ ಕಟ್ಟಿಕೊಂಡವನು ತಂದೆ ರಾಜರಾಜನರೇಂದ್ರ. 1957ರ ತೆಲುಗು ಚಿತ್ರದಲ್ಲಿ ಭಾನುಮತಿಯವರು ಆ ಪಾತ್ರ ಮಾಡಿದ್ದರು. ಇನ್ನೂ ಮುಂದೆ ಹೋದವನು ಪಂಜಾಬಿನ ಕವಿ ಶಿವಕುಮಾರ್ ಬಟಾಲ್ವಿ. 1965ರಲ್ಲಿ ಪ್ರಕಟವಾದ ತನ್ನ 'ಲೂಣಾ' ಎಂಬ ಕಾವ್ಯನಾಟಕದಲ್ಲಿ ಅವನು ಪೂರಣ ಭಗತನ ಪುಣ್ಯಕಥೆಯನ್ನು ತಿರುಗಿಸಿ ಹಿಡಿದ. ಮುದುಕನ ಕೈಗೆ ಬಿದ್ದ ಕೀಳುಜಾತಿಯ ಹುಡುಗಿಯ ಪರವಾಗಿ ಮಾತನಾಡಿದ. ಅದಕ್ಕೆ 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗರ ಕಿವಿಗೆ ಪೂರಣ ಭಗತನ ಕಥೆ ಬೀಳದೆ ಇರಲಾರದು. ಹಾಗಿದ್ದೂ, ಅಥವಾ ಹಾಗಿದ್ದುದರಿಂದಲೇ, ಫೇಡ್ರಾಳ ಕೊರಳಿನಿಂದ ಆ ಹಗ್ಗ ಕಳಚಿತೋ ಏನೋ. ನನ್ನ ಮೊದಲಿನ ಅನುಮಾನವನ್ನು ಇಷ್ಟರಮಟ್ಟಿಗೆ ತಿದ್ದಿಕೊಳ್ಳಲು ಸಿದ್ಧನಿದ್ದೇನೆ. ಚಿತ್ರದವರನ್ನು ಒಂದು ಮಾತು ಕೇಳಬೇಕೆನಿಸುತ್ತದೆ: ಕಥೆಯಿಂದ ಕಳಂಕವನ್ನು ತೆಗೆಯುವುದು ಸುಲಭ, ಕಳಂಕ ಹಚ್ಚಿದ ತಂದೆಯ ಆತುರವನ್ನೂ ಅದರೊಡನೆ ತೆಗೆದುಹಾಕಿದಿರಲ್ಲ? ಯೂರಿಪಿಡೀಸನ ಥೀಸಿಯಸ್ ಮಗನ ಮಾತನ್ನು ಕೇಳದೆ ಶಪಿಸಿದವನು. ನಮ್ಮ ಕಂಪಿಲ ಮರೆಹೊಕ್ಕ ಪರಕೀಯನಿಗಾಗಿ ರಾಜ್ಯ ಕೊಟ್ಟ. ಸ್ವಂತ ಮಗನಿಗೆ ಒಂದು ವಿಚಾರಣೆಯನ್ನು ಕೊಡಲಿಲ್ಲ. ಕವಿಗಳು ಅದಕ್ಕಾಗಿ ಅವನನ್ನು ಹೆಚ್ಚು ಬೈದಂತಿಲ್ಲ.

ಚಿತ್ರ ಮುಗಿದಾಗ ಮಳೆ ಸ್ವಲ್ಪ ಹೊಳವಾಗಿತ್ತು. ಹುಡುಗ ಅಡಿಕೆಗೆ ಕೊಳೆ ಬಂದಿದೆಯೇ ನೋಡಲು ತನ್ನ ಅಜ್ಜನೊಡನೆ ತೋಟಕ್ಕೆ ಇಳಿದ. ಇಪ್ಪತ್ತು ಇಪ್ಪತ್ತೆರಡು ಇದ್ದಿರಬಹುದು, ಇನ್ನೂ ಕಡಿಮೆಯೂ ಇದ್ದೀತು ಎಂದು ನಾನು ತಡವಾಗಿ ಉತ್ತರ ಹೇಳಿದೆ. ಚಿಕ್ಕಮ್ಮ "ಹೂಂ" ಎಂದರು. ಬತ್ತಿಗಳನ್ನು ಎಣಿಸಿ ಡಬ್ಬಿಗೆ ತುಂಬಿದರು.

"ನಿನ್ನ ದೊಡ್ಡಪ್ಪ ಆ ಕಥೆ ಹೇಳಿದ ಮೇಲೆ ನಿನ್ನ ನೆತ್ತಿಗೆ ಎಣ್ಣೆ ಇಡಲೇ ಇಲ್ಲೆ ನಾನು" ಎಂದರು. "ನೀನು ಆಗ ಕೇಳಿದ್ದಿದ್ರೆ ಹೇಳ್ತಿದ್ದೆ."

ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟು, ಹಾಲು ಕರೆಯುವ ಹೊತ್ತಾಯಿತೆಂದು ಕೊಪ್ಪೆ ಹಾಕಿಕೊಂಡು ಕೊಟ್ಟಿಗೆಗೆ ಹೋದರು.